ಕರಿ ಏರುವ ಹೊತ್ತು

ಮೊದಲು ಗೊತ್ತಾದದ್ದು ಹಗ್ಗದ ಮೇಲೆ.
ಆಪಾ ಒಗೆದು ಹರವಿದ ಲಂಗೋಟಿ
ಹತ್ತಕ್ಕೆ ಹಳದಿ, ಹನ್ನೆರಡಕ್ಕೆ ಕಂದು,
ಜೋಹರ್ ನಮಾಜಿನ ಹೊತ್ತಿಗೆ ಸೋಸಿದ ಚಹಾಪುಡಿಯ ಬಣ್ಣ.
ಮತ್ತೆ ಸೋಪು ಹಚ್ಚಿದಳು, ಇನ್ನೂ ಕಪ್ಪಾಯಿತು.
ದೃಷ್ಟಿ, ಅಂದರು ಎದುರುಮನೆಯ ಅಮೀನಾಬೀ.
ಹಾಲು ಕೆಟ್ಟದ, ಅಂದರು ಮುಮಾನಿ.
ಕೂಸು ಮಾತ್ರ ಕಾಲು ಬಡಿದು ನಗುತ್ತಿತ್ತು
ತನ್ನದಲ್ಲದ ಜಗಳಕ್ಕೆ.

ಕಲಬುರಗಿಯ ಬಸ್ಸು ಇಳಿದು ಬಂದವಳು ನಾನು,
ಚೀಲದಲ್ಲಿ ಅರ್ಧ ಬರೆದ ಪ್ರಬಂಧ.
ಲಂಗೋಟಿ ಬಿಸಿಲಿಗೆ ಹಿಡಿದು ನೋಡುತ್ತ ನಿಂತೆ.
"ಇದನ್ನೇನು ಐದು ವರ್ಷ ಓದಿದ್ದೀ?"
ಬೈದಳು ಆಪಾ.
ಇದನ್ನೇ, ಅನ್ನಲಿಲ್ಲ.

ನನ್ನ ಓದು ಬೂಷ್ಟಿನ ಮೇಲೆ.
ಹಳಸಿದ ರೊಟ್ಟಿಯ ಮೇಲೆ ಕೂರುವುದರ ದಾಯಾದಿ,
ಗಾಜಿನ ತಟ್ಟೆಯಲ್ಲಿ ಸಾಕಿದ್ದು.
ಅದರೊಳಗೂ ಒಂದು ಜೀನು,
ಅದು ಬರೆಸುವ ಒಂದು ಕಿಣ್ವ;
ಬೇಳೆಯಿಂದ ಹಾಲಿನಿಂದ ಇಳಿದು ಬಂದ ಒಂದು ಉಂಗುರವನ್ನು
ಸೀಳಿ ಬಿಡಿಸುವುದಷ್ಟೇ ಅದರ ಕೆಲಸ.
ಆ ಜೀನು ಮುರಿದೆ, ಊಟ ಕೊಟ್ಟೆ, ದೀಪ ಆರಿಸಿದೆ.
ಬೆಳಿಗ್ಗೆ ತಟ್ಟೆ ಕಂದಿತ್ತು.
ಮನುಷ್ಯರಲ್ಲಿ ಅದನ್ನು ಹುಡುಕಿದವರೂ
ಬೂಷ್ಟಿನ ಗುರುತು ಹಿಡಿದೇ ಹೊರಟವರು.

ದೂರದ ಯಾವುದೋ ಊರಲ್ಲಿ
ಇಲಿಗಳ ಪಂಜರದ ಹಾಸು ಕಪ್ಪಾಗಿದ್ದು ಕಂಡು
ಯಾರೋ ಪೊರಕೆ ನಿಲ್ಲಿಸಿದರಂತೆ.
ಇಲಿಗೂ ಇದೇ.
ಆದರೆ ಇಲಿಯ ಆಯುಷ್ಯ ಎರಡೋ ಮೂರೋ ವರ್ಷ,
ನಲವತ್ತು ವರ್ಷ ಕಾಲು ಮಡಚಿ ಕೂತು
ಅದು ಹೂಬಳ್ಳಿ ಕೆತ್ತುವುದಿಲ್ಲ.
ಗಫೂರ್ ಮಾಮೂನ ಬೆನ್ನಿನ ಬಗ್ಗೆ
ಅರ್ಧ ಹೇಳಿ ಸತ್ತುಹೋಗುತ್ತದೆ.

ಹೌದು, ಮಾಮೂ.
ಚೌಬಾರದ ಹಿಂದಿನ ಓಣಿ, ತಗ್ಗು ಬಾಗಿಲ ಕಾರ್ಖಾನೆ.
ಎಷ್ಟು ಈದಿಗೆ ಆ ಕೈಯಿಂದ ದುಡ್ಡು ಇಸಿದುಕೊಂಡಿದ್ದೇನೆ,
ಕಿವಿಯ ಹಾಲೆ ನೀಲಿಗಟ್ಟಿದ್ದು
ಇವತ್ತೇ ಕಂಡೆ.
ಕಣ್ಣಿನ ಬಿಳಿಯಲ್ಲಿ ಮಸಿಬೆರಳು ಒತ್ತಿದಂಥ ಕಲೆ.
ಬಗ್ಗಿದರೆ ಏಳಲಾರರು, ಎದ್ದರೆ ಬಗ್ಗಲಾರರು.

ಕೋಟೆಯ ಮಣ್ಣು ನಾಲಿಗೆಗೆ ಇಟ್ಟು ನೋಡುತ್ತಿದ್ದರು.
ಬಿಸಿಲು ಮಳೆ ಕಾಣದ ಮಣ್ಣು, ನವಸಾಗರ, ಕುದಿಯುವ ನೀರು;
ಬೂದು ಹೂಜಿ ಅದರೊಳಗೆ ಮುಳುಗಿ
ಅಮಾವಾಸ್ಯೆಯಾಗಿ ಎದ್ದಿತು.
ಬೆಳ್ಳಿಯ ಎಳೆ ಮಾತ್ರ ಬೆಳ್ಳಗೆ.

ನಾನು ಉಂಗುರದ ಕತೆ ಹೇಳಿದೆ.
ಸೀಳದೆ ಉಳಿದ ಉಂಗುರ ಮೈತುಂಬ ಸುತ್ತಿ
ಮೂಳೆಯ ಸಂದಿನ ಮೆತ್ತನೆಯ ಜಾಗದಲ್ಲಿ
ವರ್ಷ ವರ್ಷ ಕರಿ ಏರುವುದನ್ನು ಹೇಳಿದೆ.
ಉಳಿ ಕೆಳಗಿಟ್ಟರು.
"ಹಂಗಾದ್ರ ನನ್ನ ಮೊಳಕಾಲೊಳಗ ಬಿದ್ರಿ ಕೆಲಸ ನಡದಾದೇನು?
ಬೆಳ್ಳಿ ಹಾಕೋದು ಮರ್ತಾನ ನೋಡು ಕಾರೀಗರ!"
ನಕ್ಕರು. ಆಮೇಲೆ, ಹೂಜಿ ಒರೆಸುತ್ತ,
"ಕೂಸಿಗೆ ನನ್ನಿಂದೇ ಬಂತಾ?"

ನಿಮ್ಮಿಂದ ಒಂದು ಪಾಲು, ಮಾಮೂ.
ಇನ್ನೊಂದು ನನ್ನಮ್ಮಿಯಿಂದ, ನಿಮ್ಮ ತಂಗಿಯಿಂದ.
ನಿಮ್ಮ ಹಿರಿಮಗನಿಗೆ ನಮ್ಮ ಆಪಾಳನ್ನು ಕೊಟ್ಟ ದಿನ
ಎರಡೂ ಪಾಲು ಒಂದೇ ಮನೆ ಸೇರಿದವು.
ಬಿರಿಯಾನಿ ಚೆನ್ನಾಗಿತ್ತು, ನೆನಪಿದೆ.

ಮುಮಾನಿ ಒಳಗಿಂದ ಕೇಳಿಸಿಕೊಂಡರು.
ಕಿರಿಮಗ ಇಲ್ಯಾಸನಿಗೆ ನನ್ನನ್ನು ತರುವ ಮಾತು
ರಂಜಾನಿನಿಂದ ಆ ಮನೆಯಲ್ಲಿ ನಡೆದಿತ್ತು.
ಆ ದಿನ ಯಾರೂ ಎತ್ತಲಿಲ್ಲ.
ನನ್ನ ಬಶಿಯಲ್ಲಿ ಎರಡು ಬಿಸ್ಕೀಟು ಹೆಚ್ಚಿಗೆ ಇಟ್ಟರು.

ಮಂಜುಗಡ್ಡೆಯ ಡಬ್ಬಿಯಲ್ಲಿ ನಾಲ್ಕು ನಳಿಕೆ ರಕ್ತ.
ಹುಮನಾಬಾದಿನಲ್ಲಿ ಬಸ್ಸು ನಿಂತಾಗ
ಡಬ್ಬಿ ತೊಡೆಯ ಮೇಲೆಯೇ ಇಟ್ಟುಕೊಂಡೆ,
ಪಕ್ಕದವಳು ಮಾವಿನ ಹಣ್ಣೇ ಎಂದು ಕೇಳಿದಳು.
ಹ್ಞೂಂ ಅಂದೆ.

ಮೂರಕ್ಕೆ ಹೆಸರು ಬರೆದೆ: ಮಾಮೂ, ಆಪಾ, ಕೂಸು.
ನಾಲ್ಕನೆಯದು ನನ್ನದು.
ಫ್ರಿಜ್ಜಿನಲ್ಲಿದೆ, ಬೂಷ್ಟಿನ ತಟ್ಟೆಗಳ ಹಿಂದೆ,
ಹೆಸರಿಲ್ಲದೆ.

ರಾತ್ರಿ ಇಲ್ಯಾಸನ ಫೋನು.
"ಅಬ್ಬಾ ಕೇಳ್ಲಿಕತ್ಯಾರ,
ನಿನ್ನ ಆ ಬೂಷ್ಟು ಕಪ್ಪಾಗಲಿಕ್ಕ ಎಷ್ಟು ಹೊತ್ತು ಹಿಡೀತದ?"
ಒಂದು ರಾತ್ರಿ, ಅಂದೆ.
"ನಮ್ಮ ಮಣ್ಣಿಗೆ ಒಂದು ಗಳಿಗಿ ಸಾಕು."
ಫೋನು ಇಡಲಿಲ್ಲ ಅವನು.
ನಾನೂ ಇಡಲಿಲ್ಲ.