ಸಪಾಟ

ಮದುವ್ಯಾಗಿ ಬಂದ ದಿನ
ಕುಂಕುಮದ ನೀರಿನ ಪರಾತದಾಗ ಕಾಲದ್ದಿ
ಹೊಸ್ತಲ ದಾಟಿದೆ.
ಬಿಳಿ ಅರಿವಿ ಮ್ಯಾಲ ಹೆಜ್ಜಿ ಮೂಡಿದ್ವು,
ನಡುವ ಎಲ್ಲೂ ಬಿಡುವಿಲ್ಲದ ಹೆಜ್ಜಿ,
ತಟ್ಟಿದ ರೊಟ್ಟಿಯಂಗ.
ಅತ್ತಿ ಬಗ್ಗಿ ನೋಡಿದ್ರು.
"ಬಾತುಕೋಳಿ ಪಾದ" ಅಂದ್ರು ಮೆಲ್ಲಕ,
ಕೇಳಬೇಕಾದವರಿಗಷ್ಟ ಕೇಳುವಂಗ.
ಅರಿವಿ ಮಡಚಿ ಟ್ರಂಕಿನ್ಯಾಗ ಇಟ್ರು.
ಹದಿನೆಂಟು ವರ್ಷ. ಇನ್ನೂ ಅಲ್ಲೇ ಐತಿ.

ಹುಬ್ಬಳ್ಳಿ–ಗದಗ, ದಿನಕ್ಕ ಎರಡು ಸಲ ಹೋಗಿ ಎರಡು ಸಲ ಬರೂದು.
ಕಂಡಕ್ಟರ್‌ಗೆ ಸೀಟು ಐತಿ, ಮ್ಯಾಲ ಬರದಾರ ಸೈತ,
ಅಲ್ಲಿ ಯಾವಾಗಲೂ ಒಬ್ಬಾಕಿ ಬಸುರಿ,
ಇಲ್ಲಂದ್ರ ಯಾರದರ ಮೆಣಸಿನಕಾಯಿ ಚೀಲ.
ಇಮಾಮಸಾಬ ಬ್ರೇಕ್ ಹೊಡದಾಗೆಲ್ಲ
ನನ್ನ ಭಾರ ಪಾದಕ್ಕ ಇಳದು
ಪಾದದ ಭಾರ ಎಲ್ಲಿ ಇಳೀಬೇಕಂತ ತಿಳೀದ
ಮೊಣಕಾಲಿಗೆ ಏರತೈತಿ.

ನಸುಕಿನ ನಾಕಕ್ಕ ಎದ್ದು
ಹಾಸಿಗಿಯಿಂದ ಇಡೂ ಮೊದಲ ಹೆಜ್ಜಿ ಐತೆಲ್ಲ,
ಹಿಮ್ಮಡದಾಗ ದಬ್ಬಣ ಹಾಕಿ
ಗೋಣಿಚೀಲ ಹೊಲದಂಗ.
ಎರಡನೇದು ಅಷ್ಟಿಲ್ಲ.
ಹತ್ತನೇದಕ್ಕ ಸುಮ್ಮನಾಕ್ಕೈತಿ.
ರಾತ್ರಿ ಮತ್ತ ಬರತೈತಿ, ಬಡ್ಡಿ ಸಮೇತ.

ಎಕ್ಕಿ ಎಲಿ ಕಾಸಿ ಕಟ್ಟು ಅಂದಾಕಿ ಹುಲಕೋಟಿಗೆ ಇಳದ್ಲು.
ಉಪ್ಪುನೀರಾಗ ಕಾಲಿಡು ಅಂದಾಂವ ಅಣ್ಣಿಗೇರಿಗೆ.
ನೌಕರಿ ಬಿಡು ಅಂದಾಂವ
ಪಾಸ್ ಇಟ್ಟುಕೊಂಡಿದ್ದ, ಗದಗತನಕ ಬಂದ.

ಕಿಮ್ಸ್‌ನ್ಯಾಗ ನದಾಫ ಮೇಡಂ
ಕಾಲು ತೋಯಿಸಿ ಹಾಳಿ ಮ್ಯಾಲ ಇಡಿಸಿದ್ರು.
"ಕಮಾನ ಇಲ್ಲ" ಅಂದ್ರು.
ಕಮಾನ!
ಅದು ಮಸೂತಿಗಿರತೈತಿ, ಹಳೇ ಬ್ರಿಜ್ಜಿಗಿರತೈತಿ.
ಮನಷ್ಯಾನ ಅಂಗಾಲಿಗೂ ಒಂದು ಕಮಾನ ಇದ್ದು
ಅದರ ಕೆಳಗ ಇರವಿ ಹಾದು ಹೋಗಬಹುದು ಅನ್ನೂದು
ನಲವತ್ತೊಂದನೇ ವಯಸ್ಸಿಗೆ ತಿಳೀತು.
ಹೊಳ್ಳಿ ಬರುವಾಗ ಖಿಡಕಿಯಾಗ ನಲವಡಿ ಎರಿ ಹೊಲ,
ದಿನ್ನಿ ಇಲ್ಲ, ತಗ್ಗಿಲ್ಲ,
ಆಕಾಶ ಮುಗಿಯೂತನಕ ಸಪಾಟ.
ನನ್ನ ಪಾದಕ್ಕೂ ಇದೇ ಮಣ್ಣಿನ ಬುದ್ಧಿ ಇರಬೇಕು,
ನೆಲ ಕಂಡಷ್ಟೂ ಮುಟ್ಟೂ ಬುದ್ಧಿ.

ಕಾಲಬೆರಳಲೆ ಸಣ್ಣ ಸಾಮಾನ ಎತ್ತಿ ಇಡರಿ ಅಂದಿದ್ರು.
ಚೀಲದ ತುಂಬ ಚಿಲ್ಲರ ಇತ್ತು,
ರೊಕ್ಕಕ್ಕ ಕಾಲು ಹಚ್ಚೂದೆಂಗ?
ಅತ್ತಿಯ ಚೌಕಾಬಾರದ ಹುಣಸಿಬೀಜ ತಂದೆ.
ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ
ಹೆಬ್ಬೆರಳು, ಅದರ ಬಾಜೂದ್ದು,
ಹಿಡಿ, ಎತ್ತು, ಚರಿಗ್ಯಾಗ ಬಿಡು:
ಟಣ್.
ಜಾರಿದ್ರ ಮತ್ತ ಹುಡುಕು.
ಟಣ್.
ಒಂದಿನ ಕತ್ತಲದಾಗಿಂದ ಅತ್ತಿ ಧ್ವನಿ:
"ಇವತ್ತ ಹದಿನಾಕ. ನಿನ್ನೆ ಹನ್ನೊಂದಿತ್ತು."

ದುರ್ಗದಬೈಲಿನ ಭರಮಣ್ಣ
ನನ್ನ ಹಳೇ ಚಪ್ಪಲಿ ತಿರುವಿ ನೋಡಿದ.
"ಒಳಮಗ್ಗಲ ಸವದಾವ ಅಕ್ಕಾರ,
ನೀವು ಒಳಗೊಳಗ ನಡೀತೀರಿ."
ಅಷ್ಟಂದು ಮತ್ತ ಉಳಿಗೆ ಹತ್ತಿದ.
ರಬ್ಬರ್ ಕೊರದು, ತೊಗಲು ಹೊಚ್ಚಿ,
ಅಂಗಾಲ ನಡುವ ಒಂದು ಗುಡ್ಡ ಕೂಡಿಸಿಕೊಟ್ಟ.
ಮೊದಲ ವಾರ ಹರಳ ಮ್ಯಾಲ ನಿಂತಂಗ,
ಭರಮಣ್ಣಗ ಬೈದೆ, ಮೇಡಂಗೂ ಬೈದೆ.
ಈಗ? ನೋವು ಇಳದು ಹೋಗಿಲ್ಲ.
ಹಿಂದಿನ ಸೀಟಿಗೆ ಹೋಗಿ ಕುಂತೈತಿ.

ಹೋದ ಸೋಮವಾರ ನನಗ ರಜಾ.
ಜಳಕ ಮುಗಿಸಿ ಅತ್ತಿ ಬಚ್ಚಲದಿಂದ ಬಂದ್ರು.
ಶಹಾಬಾದಿ ಕಲ್ಲಿನ ಮ್ಯಾಲ
ಒಂದರ ಮುಂದ ಒಂದು ಹಸಿ ಹೆಜ್ಜಿ,
ತುಂಬಿದ ಹೆಜ್ಜಿ.
ಹುಟ್ಟಾ ಇದ್ದದ್ದೋ, ಎಪ್ಪತ್ತು ವರ್ಷ ನಿಂತು ಕುಸದದ್ದೋ.
ನಾ ನೋಡಿದೆ.
ನಾ ನೋಡಿದ್ದನ್ನ ಅವರು ನೋಡಿದ್ರು.
ಕಲ್ಲು ಒಣಗೂತನಕ
ಇಬ್ಬರೂ ಮಾತಾಡಲಿಲ್ಲ.

ಆಮ್ಯಾಲ, ಒಲಿ ಕಡೆ ಮುಖಮಾಡಿ,
"ಆ ಭರಮಣ್ಣ ಎಷ್ಟ ತೊಗೋತಾನ?"

ಹಳೇ ವೇಬಿಲ್ ಬೋರಲ ಹಾಸಿ
ಕಾಲಿಡರಿ ಅಂದೆ.
ಪೆನ್ಸಿಲ್ ಸುತ್ತ ಹೋತು,
ಹಿಮ್ಮಡ ದಾಟಿ, ಒಳಮಗ್ಗಲಕ್ಕ ಎಲ್ಲೂ ಬಾಗದ.
ಕಚಗುಳಿ ಆಗಿ ಅತ್ತಿ ನಕ್ಕುಬಿಟ್ರು,
ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು.
"ಅಲುಗಾಡಬ್ಯಾಡ್ರಿ, ಹಿಡಕೊಂಡು ನಿಂದರ್ರಿ" ಅಂದೆ,
ಬಸ್ಸಿನ್ಯಾಗ ಅಂದಂಗ.
ಅವರು ನನ್ನ ಭುಜ ಹಿಡಕೊಂಡ್ರು.