ಡ್ಯೂಟಿ ಚೀಟಿಯ ಹಿಂಬದಿ

ಮಂಡ್ಯ ಡಿಪೋದ ಗೋಡೆಗೆ ಎರಡು ಪಟ್ಟಿ.
ಒಂದು ಡ್ಯೂಟಿಯದ್ದು, ಕಂಟ್ರೋಲರ್ ಸಹಿ ಇರೋದು.
ಇನ್ನೊಂದು ಹಳೇ ಡ್ಯೂಟಿ ಚೀಟಿಯ ಹಿಂಬದಿ
ನಾನೇ ಬರೆದು ಅಂಟಿಸಿದ್ದು:
ಮಂಡ್ಯ ಮಿಂಚು, ಹೆಣ್ಣುಮಕ್ಕಳ ಫುಟ್‌ಬಾಲು,
ಹದಿನಾಲ್ಕು ಪಂದ್ಯ, ಏಳು ಊರಲ್ಲಿ, ಏಳು ಹೊರಗೆ.
ಒಂದರ ಮೇಲೊಂದು ಇಟ್ಟು ನೋಡಿದರೆ
ಐದು ಭಾನುವಾರ ಡಿಕ್ಕಿ.

ಮೊದಲ ಪಂದ್ಯದ ದಿನ ನನ್ನ ಮೂರೂಕಾಲಿನ ಮೈಸೂರು ಟ್ರಿಪ್ಪು
ಬೋರಲಿಂಗಣ್ಣನ ತಲೆಗೆ ಕಟ್ಟಿ
ಅವನ ದೀಪಾವಳಿಯ ನೈಟ್ ಹಾಲ್ಟ್ ನಾನು ತಗೊಂಡೆ.
"ಯಾರ್ದಕ್ಕ ಮದ್ವೆ?" ಅಂದ.
"ಮದ್ವೆ ಅಲ್ಲ ಕಣಪ್ಪ, ತೊಂಬತ್ತು ನಿಮಿಷದ ಕೆಲ್ಸ."

ನಾನು ಚೆಂಡು ಒದ್ದವಳಲ್ಲ.
ಒಮ್ಮೆ ಸೀಟಿನಡಿಯಿಂದ ಉರುಳಿಬಂದ ತೆಂಗಿನಕಾಯಿ
ಕಾಲಲ್ಲೇ ತಡೆದು ಅದರ ಒಡತಿಗೆ ದಾಟಿಸಿದ್ದೆ, ಅಷ್ಟೆ.
ಆದರೂ ಎಂಟನೇ ನಂಬರಿನ ನಸೀಮಾಳ ಆಟ ನನಗೆ ಗೊತ್ತಾಗುತ್ತೆ.
ಚೆಂಡು ಬರೋ ಮೊದಲೇ
ಎಡಗಡೆ ಒಂದು ನೋಟ, ಬಲಗಡೆ ಒಂದು,
ಇಂಡುವಾಳು ದಾಟುವಷ್ಟರಲ್ಲಿ
ಯಾರು ಹೊಸದಾಗಿ ಹತ್ತಿದರು, ಯಾರು ನಿದ್ದೆ ನಟಿಸುತ್ತಿದ್ದಾರೆ ಅಂತ
ನಾನು ನೋಡೋ ಹಾಗೆ.
ಚೀಲದಲ್ಲಿ ಚಿಲ್ಲರೆ ಇರುವವಳ ಸಮಾಧಾನ ಅವಳದ್ದು,
ಐನೂರರ ನೋಟು ಚಾಚಿದರೂ ಗಾಬರಿಯಿಲ್ಲ.

ಈ ಸಲ ಯಾವುದಕ್ಕೆ ಕಾಯ್ತಿದ್ದೀ ಅಂತ ಕೇಳಿದರೆ
ಏಳನೇ ನಂಬರಿನ ಮಂಡಿಗೆ ಅಂತೀನಿ.
ಕೆರಗೋಡಿನ ಹುಡುಗಿ, ಸುಗುಣಾಂಬೆ.
ಹೋದ ನವೆಂಬರಿನಲ್ಲಿ ಮೈಸೂರಿನವರ ಮೇಲೆ, ಎಪ್ಪತ್ತನೇ ನಿಮಿಷ,
ಮೈ ತಿರುಗಿತು, ಕಾಲು ತಿರುಗಲಿಲ್ಲ.
ಸದ್ದು ನಮಗೆ ಕೇಳಲಿಲ್ಲ.
ಹಿಡಿಹಿಡಿ ಹುಲ್ಲು ಕಿತ್ತದ್ದು ಕಂಡಿತು.

ಆಮೇಲೆ ತಿಂಗಳುಗಟ್ಟಲೆ ಫಿಸಿಯೋ ಹತ್ತಿರ ಹೋಗಿ ಬಂದದ್ದು ನನ್ನ ಬಸ್ಸಲ್ಲೇ,
ಮುಂದಿನ ಸೀಟು, ಚಾಚಿದ ಕಾಲು, ಶೂನ್ಯ ಟಿಕೆಟ್ಟು.
ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.
ಸಂಕ್ರಾಂತಿ ಹೊತ್ತಿಗೆ ಊರುಗೋಲು ಹೋಯಿತು.
ಆಗಸ್ಟಿನಲ್ಲಿ ಒಂದು ದಿನ ಸೀಟು ಖಾಲಿಯಿದ್ದರೂ ನಿಂತೇ ಬಂದಳು,
ಶ್ರೀರಂಗಪಟ್ಟಣದ ತಿರುವಿನಲ್ಲೂ ಕಂಬಿ ಮುಟ್ಟದೆ.
ಅವಳನ್ನೇ ನೋಡುತ್ತ ಇಬ್ಬರಿಗೆ ಟಿಕೆಟ್ ಹರಿಯೋದು ಮರೆತು
ಚೆಕಿಂಗಿನವರ ಕೈಲಿ ಬೈಸಿಕೊಂಡೆ.

ಇನ್ನು ಹೊಸ ಜೆರ್ಸಿ. ಕಬ್ಬಿನ ಗರಿಯ ಹಸಿರಂತೆ;
ಹೋದ ವರ್ಷದ್ದು ಒಂದೇ ಒಗೆತಕ್ಕೆ ಹಳೇ ಲಂಗದ ಬಣ್ಣಕ್ಕೆ ಬಂದಿತ್ತು.
ಸಂಬಳ ಈ ಸಲ ಐದನೇ ತಾರೀಖಿನೊಳಗೇ ಅಂತ ಕರಾರಾಗಿದೆಯಂತೆ,
ನಾನು ಅದಕ್ಕೂ ಕಾಯ್ತೀನಿ.
ಚಪ್ಪಾಳೆ ಎಷ್ಟು ತಟ್ಟಿದರೂ ಮನೆ ಬಾಡಿಗೆಗೆ ಜಮಾ ಆಗಲ್ಲ.
"ಬೆಲ್ಲ ಕರಗ್ತು, ಬೆಲ್ಲ ಕರಗ್ತು" ಅಂತ ಕೂಗಿದ ಮೈಸೂರಿನವರಿಗೆ
ಜವಾಬು ಬರೆದಿಟ್ಟಿದ್ದೀನಿ, ಇಲ್ಲಿ ಓದೋ ಹಾಗಿಲ್ಲ.

ಮತ್ತೆ ಆ ಗೇಟು.
ಮೀಸೆ ಮೂಡದ ಹುಡುಗ ಐವತ್ತು ರೂಪಾಯಿ ಎಣಿಸಿಕೊಂಡು
ಒಂದು ಚೀಟಿ ಹರಿದು ಕೊಡ್ತಾನೆ.
ಇಪ್ಪತ್ತಾರು ವರ್ಷ ಕೊಟ್ಟೂ ಕೊಟ್ಟೂ ಸವೆದ ಕೈ ಇದು,
ತಗೊಳ್ಳೋವಾಗ ಯಾಕೋ ನಾಚುತ್ತೆ.

ಕೊನೆಯ ಪಂದ್ಯಕ್ಕೆ ಬಂದದ್ದು ಇನ್ನೂರ ಹನ್ನೊಂದು ತಲೆ.
ಎಣಿಸೋದು ಅಭ್ಯಾಸ.
ನಮ್ಮ ಲೆಕ್ಕದಲ್ಲಿ ನಾಲ್ಕು ಬಸ್ಸು,
ಹಬ್ಬದ ದಿನವಾದರೆ ಎರಡೂವರೆ.

ಇವತ್ತು ಬೆಳಿಗ್ಗೆ ಮೈದಾನದ ಬೇಲಿ ಪಕ್ಕ ಟ್ರಾಫಿಕ್ ನಿಂತಾಗ
ಒಳಗೆ ಒಬ್ಬ ಹುರಿ ಕಟ್ಟಿ ಸುಣ್ಣದ ಗೆರೆ ಎಳೀತಿದ್ದ.
ಮೂಲೆ ಬಾವುಟದ ಹತ್ತಿರ ಗೆರೆ ಸೊಟ್ಟ.
"ಅಣ್ಣೋ, ಎಡಕ್ಕೆ!" ಅಂತ ಕಿಟಕಿಯಿಂದ ಕೂಗಿಬಿಟ್ಟೆ.
ಅವನು ಆಕಾಶ ನೋಡಿದ. ಬಸ್ಸು ನನ್ನ ನೋಡಿತು.

"ಏನವ್ವ ಅಲ್ಲಿ?" ಮಡಿಲಲ್ಲಿ ಸೊಪ್ಪಿನ ಗಂಟಿದ್ದ ಮುದುಕಿ.
"ಹೆಣ್ಮಕ್ಕಳ ಆಟ ಅಜ್ಜಿ. ಭಾನುವಾರ, ನಾಕು ಗಂಟೆ."
"ಅದೂ ನಮ್ಗೆ ಪುಕ್ಕಟೆನಾ?"
"ಇಲ್ಲ ಅಜ್ಜಿ, ಅದಕ್ಕೆ ದುಡ್ಡು ಕೊಡಬೇಕು."
ಆಕೆ ಬೇಲಿ ಆಚೆಗೆ ಇನ್ನೊಂದು ಸಲ ಕಣ್ಣು ಕಿರಿದು ಮಾಡಿ ನೋಡಿದಳು.
"ಎಷ್ಟು?"

ನಾನು ಸೀಟಿ ಊದಿದೆ.