ಹನ್ನೊಂದು ಸೂಜಿ

ಲಗ್ಗೆರೆ ಕ್ಲಿನಿಕ್ಕಿನ ಲೆಕ್ಕದ ಪ್ರಕಾರ
ನನ್ನ ಸೊಂಟಕ್ಕೆ ಬಿದ್ದದ್ದು ಹನ್ನೊಂದು ಸೂಜಿ.

ವಿಮೆ ಕಚೇರಿಯ ನಫೀಸಾ ಮೇಡಂ
ಒಂದೊಂದೇ ತಾರೀಖು ಓದುತ್ತಾರೆ,
ನಾನು ಬೆರಳು ಮಡಚುತ್ತೇನೆ.

ಹದಿನಾಲ್ಕು, ಹೌದು. ಹಾಕಿದರು.
ಮೂರು ದಿನ ಸಲೀಸಾಗಿ ಬಗ್ಗಿ ಎದ್ದೆ, ಕೊಡಪಾನ ಎತ್ತಿದೆ.
ಇಪ್ಪತ್ತೊಂದು? ಅವತ್ತು ಶಿಪ್‌ಮೆಂಟು ಮೇಡಂ,
ರಾತ್ರಿ ಒಂಬತ್ತರ ತನಕ ಕಾಲರು ಹೊಲಿದಿದ್ದೇನೆ.
ಇಪ್ಪತ್ತೆಂಟು? ಕುಣಿಗಲಿನಲ್ಲಿ ಚಿಕ್ಕಮ್ಮನ ತಿಥಿ.
ವಡೆ ಕರಿಯುತ್ತ ನಿಂತವಳಿಗೆ
ಯಾರು ಬಂದು ಚುಚ್ಚಿದರು?

ಕಾರ್ಡು ಅವರ ಡ್ರಾಯರಿನಲ್ಲೇ ಇತ್ತು,
"ಕಳಕೊಂಡೀರಿ ಅಮ್ಮ, ಇಲ್ಲೇ ಇರಲಿ."
ಖಾಲಿ ಹಾಳೆಗಳ ಕೆಳಗೆ ಹೆಸರು ಬರೆಸಿಕೊಂಡು
ಅಕ್ಷರ ದುಂಡಗಿದೆ ಎಂದು ಹೊಗಳಿದ್ದರು ಡಾಕ್ಟರು.
ಮನೆಗೆ ಬಂದು ಮಗಳಿಗೂ ಹೇಳಿದ್ದೆ.

ಸಿಟ್ಟಿಗಿಂತ ಈಗ ಹೊಟ್ಟೆಕಿಚ್ಚು
ಆ ಕಾಗದದ ಹೊಂಬಾಳಮ್ಮನ ಮೇಲೆ:
ವಾರವಾರ ರಜೆ ಹಾಕಿ
ಏಸಿ ಕೋಣೆಯಲ್ಲಿ ಬೋರಲು ಮಲಗಿ
ಸರ್ಕಾರದ ದುಡ್ಡಲ್ಲಿ ನೋವು ಇಳಿಸಿಕೊಂಡವಳು.
ಪೀಣ್ಯದ ಮೇಲ್ಸೇತುವೆ ಕೆಳಗೆ ಎಲ್ಲೋ
ನೆಟ್ಟಗೆ ನಡೆಯುತ್ತಿರಬೇಕು.

"ಹಂಗಾದ್ರೆ ಮೇಡಂ, ಮಿಕ್ಕ ಹತ್ತು
ಈಗ ಹಾಕಿಸಿಕೊಡ್ತೀರಾ?"

ಪೆನ್ನು ನಿಂತಿತು. ಹಾಳೆಯಲ್ಲಿ ಹುಡುಕಿದರು,
ಅದಕ್ಕೆ ಕಾಲಂ ಇರಲಿಲ್ಲ.
"ಈ ವರ್ಷದ್ದು ಮುಗಿದಿದೆ ಅಂತ ತೋರಿಸ್ತಿದೆಯಮ್ಮ."

ಹೇಳಿಕೆಗೆ ಸಹಿ ಹಾಕಿದೆ, ಈ ಸಲ ಓದಿ.
ಚಪ್ಪಲಿ ಬಾಗಿಲಾಚೆ ಮಗುಚಿ ಬಿದ್ದಿತ್ತು;
ಬಗ್ಗಲಾರದೆ
ಕಾಲಲ್ಲೇ ತಿರುಗಿಸಿ ತಿರುಗಿಸಿ
ಹಾಕಿಕೊಂಡೆ.